ಡ್ರೆಸ್ಡೆನ್ ಅರಮನೆಯ ಕಂಚಿನ ಕೋಣೆ

ಜರ್ಮನಿಯ ಡ್ರೆಸ್ಡೆನ್ ಅರಮನೆಯಲ್ಲಿ 'ಗ್ರೂನೆಸ್ ಗೆವೋಲ್ಬೆ' ಎಂಬ ಹಳೆಯ ಖಜಾನೆಯಿದೆ. ಅಲ್ಲಿಗೆ ಬರುವವರ ಕಣ್ಣೆಲ್ಲ ವಜ್ರ, ನೀಲಮಣಿಗಳ ಮೇಲೆ. ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಹೋಗಬೇಕು, ದೂಳು ಒಳಬಾರದಂತೆ ಮಾಡಿದ ಪುಟ್ಟ ಕೋಣೆಯೊಂದನ್ನು ಹಾದು ಒಳಸೇರಬೇಕು. ಅಂಬರ್, ದಂತ, ಬೆಳ್ಳಿಯ ಕೋಣೆಗಳನ್ನು ದಾಟಿ ಒಡವೆಗಳ ಕೋಣೆ ಮುಗಿಸುವಷ್ಟರಲ್ಲಿ ಕಣ್ಣು ಸೋತಿರುತ್ತದೆ. ಅದರಾಚೆಗೆ ಕಂಚಿನ ಕೋಣೆ. ನನ್ನನ್ನು ಕೇಳಿದರೆ, ಕಾಲು ನಿಲ್ಲಬೇಕಾದ್ದು ಅಲ್ಲಿ.

ಸ್ಯಾಕ್ಸನಿಯ ದೊರೆ 'ಬಲಶಾಲಿ' ಅಗಸ್ಟಸ್ ತನ್ನ ಖಜಾನೆಯನ್ನು 1723ರಿಂದ 1729ರ ನಡುವೆ ಸಂಗ್ರಹಾಲಯವಾಗಿ ಮಾರ್ಪಡಿಸಿದ. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ವೈಭವದ ಮೇಲೆ ಇವನಿಗೆ ವಿಪರೀತ ಮೋಹ. ಆದರೆ ಲೂಯಿಯ ವರ್ಸೇಲ್ಸ್ ಅರಮನೆಯ ತೋಟವನ್ನು ಕಿತ್ತು ತರಲಾದೀತೆ? ಬದಲಿಗೆ ಅಗಸ್ಟಸ್‌ನ ಪರವಾಗಿ ರೇಮಂಡ್ ಲೆಪ್ಲಾ ಪ್ಯಾರಿಸ್ಸಿನಲ್ಲಿ ಕಂಚಿನ ಕಿರುಶಿಲ್ಪಗಳನ್ನು ಕೊಂಡುತಂದ.

ಪಾತಾಳದ ದೊರೆ ಪ್ಲೂಟೊ ಹೂ ಕೊಯ್ಯುತ್ತಿದ್ದ ಪ್ರೊಸರ್ಪಿನಾಳನ್ನು ಹೊತ್ತೊಯ್ಯುವ ಗುಂಪನ್ನೇ ನೋಡಿ. ಶಿಲ್ಪಿ ಫ್ರಾನ್ಸ್ವಾ ಜಿರಾರ್ಡೋನ್ ವರ್ಸೇಲ್ಸ್‌ಗಾಗಿ ಅಮೃತಶಿಲೆಯಲ್ಲಿ ಕಡೆದದ್ದರ ಕಿರುರೂಪವಿದು. ನೆಲಕ್ಕೆ ಬಿದ್ದವಳು, ಹೊತ್ತವನು, ಕೈಚಾಚಿ ಚೀರುವವಳು ಮೂವರೂ ಒಂದೇ ಸುಳಿಯಲ್ಲಿ ಮೇಲೇಳುತ್ತಾರೆ. ಎದುರಿಗೆ ನಿಂತು ನೋಡಿದರೆ ಅರ್ಧ ಕಥೆ ಮಾತ್ರ. ಪಕ್ಕಕ್ಕೆ ಸರಿದಂತೆಲ್ಲ ಒಬ್ಬರ ಮುಖ ಮರೆಯಾಗಿ ಇನ್ನೊಬ್ಬರ ಕೈ ಕಾಣುತ್ತದೆ. ಕೆಂಪು ಬೆರೆತ ಕಂದು ಮೆರುಗೆಣ್ಣೆ ಆ ಕಾಲದ ಫ್ರೆಂಚ್ ಕಂಚಿನ ಗುರುತು. ಇದು ಅಪಹರಣ, ನೋಡಲು ಇಷ್ಟು ಚಂದವಿರುವುದು ಸ್ವಲ್ಪ ಇರುಸುಮುರುಸನ್ನೂ ತರುತ್ತದೆ. ಕಾರ್ನೇಲ್ ವಾನ್ ಕ್ಲೇವ್‌ನ 'ಬಾಕಸ್ ಮತ್ತು ಅರಿಯಾಡ್ನೆ'ಯಲ್ಲಿ ಆ ಕಸಿವಿಸಿಯಿಲ್ಲ. ನಲ್ಲ ದ್ವೀಪದಲ್ಲಿ ಬಿಟ್ಟುಹೋದ ಹೆಣ್ಣಿನ ಬಳಿಗೆ ಮದ್ಯದ ದೇವರೇ ಬಂದಿದ್ದಾನೆ.

ನಮ್ಮ ಪಂಚಲೋಹದ ಉತ್ಸವಮೂರ್ತಿಗಳಂತೆ ಇವೂ ಮೇಣ ಕರಗಿಸಿ ಎರಕ ಹೊಯ್ದವು. ಆದರೆ ನಮ್ಮವು ಸಾಮಾನ್ಯವಾಗಿ ಗಟ್ಟಿ, ಮೇಣದೊಡನೆ ಅಚ್ಚೂ ಹೋಗುತ್ತದೆ. ಯುರೋಪಿನವರು ಒಳಗೆ ಟೊಳ್ಳು ಬಿಡುತ್ತಿದ್ದರು. ಮೂಲ ಮಾದರಿಯಿಂದ ತೆಗೆದ ಅಚ್ಚನ್ನು ಉಳಿಸಿಕೊಂಡು ಮತ್ತೆ ಮತ್ತೆ ಮೇಣ ತುಂಬುತ್ತಿದ್ದರು. ಹಾಗಾಗಿಯೇ ಒಂದೇ ಪ್ಲೂಟೊ ಹಲವು ಊರುಗಳಲ್ಲಿ ಸಿಗುತ್ತಾನೆ.

ಕಿರಿದಾಗಿದ್ದುದೇ ಇವನ್ನು ಉಳಿಸಿತು ಎನಿಸುತ್ತದೆ. ಇದೇ ಕೋಣೆಯಲ್ಲಿ ಕುದುರೆಯೇರಿದ ಲೂಯಿಯ ಪುಟ್ಟ ಪ್ರತಿಮೆಯಿದೆ, ಅದೂ ಜಿರಾರ್ಡೋನ್‌ನದೇ. ಪ್ಯಾರಿಸ್ಸಿನ ಚೌಕದಲ್ಲಿದ್ದ ಅದರ ಬೃಹತ್ ರೂಪವನ್ನು 1792ರಲ್ಲಿ ಕ್ರಾಂತಿಕಾರಿಗಳು ಕೆಡವಿದರು. ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ಸಂಗ್ರಹ ಕೋನಿಗ್‌ಸ್ಟೈನ್ ಕೋಟೆ ಸೇರಿತ್ತು. 1945ರ ಫೆಬ್ರುವರಿಯ ಬಾಂಬ್ ದಾಳಿ ಸುಟ್ಟದ್ದು ಅರಮನೆಯನ್ನು. ಆಮೇಲೆ ಸೋವಿಯತ್ ಸೇನೆ ಒಯ್ದ ನಿಧಿ 1958ರಲ್ಲಿ ಮರಳಿತು, ಹಳೆಯ ಕೋಣೆಗಳು 2006ರಲ್ಲಿ ಮತ್ತೆ ತೆರೆದವು. 2019ರ ನವೆಂಬರಿನಲ್ಲಿ ಕಳ್ಳರು ನುಗ್ಗಿದಾಗಲೂ ಅವರಿಗೆ ಬೇಕಾಗಿದ್ದದ್ದು ಒಡವೆಗಳು.

ಮುಂದಿನ ಕೋಣೆ ಇನ್ನೂ ಹಳೆಯ, ನವೋದಯ ಕಾಲದ ಕಂಚಿನದು. 1587ರಲ್ಲಿ ಶಿಲ್ಪಿ ಜಾಂಬೊಲೋನ್ಯ ಸ್ಯಾಕ್ಸನಿಯ ದೊರೆಗೆ ತಾನೇ ಉಡುಗೊರೆ ಕೊಟ್ಟ ಯುದ್ಧದೇವ ಮಾರ್ಸ್, 20ನೇ ಶತಮಾನದಲ್ಲಿ ಕೈಬದಲಾಗಿ ಕಂಪನಿಯೊಂದರ ಪಾಲಾಗಿದ್ದ. 2018ರಲ್ಲಿ ಲಂಡನ್ನಿನಲ್ಲಿ ಹರಾಜಿಗಿಟ್ಟಾಗ ಜರ್ಮನಿಯಲ್ಲಿ ಗದ್ದಲವೆದ್ದು, ಹರಾಜು ನಿಂತು, ಅವನೂ ಡ್ರೆಸ್ಡೆನ್‌ಗೆ ವಾಪಸಾದ.