ನಾಲ್ಕು ಗಾಲಿಗಳ ಬಲವೂ ಸಾರಥಿಯ ವಿವೇಕವೂ

ವಾಹನವನ್ನು ಕೊಳ್ಳುವದು ಒಂದು ದಿನದ ಕೆಲಸ. ಅದನ್ನು ಸಾಕುವದು ಹಲವು ವರ್ಷಗಳ ಕೆಲಸ. ಈ ಮಾತು ಎತ್ತಿಗೂ ಸಲ್ಲುವದು, ಯಂತ್ರಕ್ಕೂ ಸಲ್ಲುವದು. ಸಂತೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಮೊದಲು ಅದರ ಹಲ್ಲನ್ನೂ ಗೊರಸನ್ನೂ ಹೆಗಲನ್ನೂ ಪರೀಕ್ಷಿಸುತ್ತಾನೆ. ಕೋಡಿಗೆ ಬಣ್ಣ ಹಚ್ಚುವದು, ಕೊರಳಿಗೆ ಗೆಜ್ಜೆ ಕಟ್ಟುವದು ಇವೆಲ್ಲ ಆಮೇಲಿನ ಮಾತು. ಆದರೆ ಅದೇ ರೈತನ ಮಗನು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲವು ಮುಟ್ಟುವಂಥ ಜೀಪನ್ನು ಕೊಂಡಾಗ, ಗೊರಸನ್ನು ಮರೆತು ಕೋಡಿನ ಬಣ್ಣದಲ್ಲಿಯೇ ಮಗ್ನನಾಗುವದು ಈಗ ಹಳ್ಳಿಹಳ್ಳಿಗೆ ಕಂಡುಬರುವ ಸಂಗತಿಯಾಗಿದೆ. ಇಂಥ ವಾಹನದಿಂದ ಕುಟುಂಬಕ್ಕೆ ಆಗುವ ಉಪಯೋಗವು ದೊಡ್ಡದು. ಅವಿವೇಕದಿಂದ ಆಗುವ ಹಾನಿಯೂ ಅಷ್ಟೇ ದೊಡ್ಡದು. ಆದ್ದರಿಂದ ಈ ವಿಷಯವನ್ನು ಮನೆಯ ಹಿರಿಯರೂ ಕಿರಿಯರೂ ಕೂಡಿ ವಿಚಾರಿಸುವದು ಯೋಗ್ಯವೆಂದು ತಿಳಿದು ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಜೀಪಿನ ಪೂರ್ವೋತ್ತರ

ನಾಲ್ಕು ಗಾಲಿಗಳನ್ನೂ ಯಂತ್ರದಿಂದ ತಿರುಗಿಸುವ ಕಲ್ಪನೆಯು ಹೊಸದಲ್ಲ. ಹಾಲೆಂಡ ದೇಶದ ಸ್ಪೈಕರ್ ಎಂಬ ಕಾರ್ಖಾನೆಯವರು ೧೯೦೩ರಲ್ಲಿಯೇ ಇಂಥದೊಂದು ಮೋಟಾರನ್ನು ನಿರ್ಮಿಸಿದ್ದರು. ಆದರೆ ಅದು ಲೋಕಪ್ರಸಿದ್ಧಿಗೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ೧೯೪೦ರಲ್ಲಿ ಅಮೇರಿಕದ ಸೈನ್ಯವು ಹಗುರಾದ, ಎಲ್ಲಿಯಾದರೂ ಹೋಗಬಲ್ಲ ಒಂದು ಗಾಡಿಯನ್ನು ಬೇಡಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಯು ಮೊದಲ ಮಾದರಿಯನ್ನು ಮಾಡಿಕೊಟ್ಟಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧವು ಮುಗಿಯುವದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ ೧೯೪೫ರಲ್ಲಿ ಸ್ಥಾಪಿತವಾದ ಮಹೀಂದ್ರ ಕಂಪನಿಯು ಮುಂದೆ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲಾರಂಭಿಸಿತು. ೧೯೮೫ರಲ್ಲಿ ಮಾರುತಿಯ ಜಿಪ್ಸಿ, ೨೦೧೦ರಲ್ಲಿ ಮಹೀಂದ್ರದ ಥಾರ್, ೨೦೨೩ರಲ್ಲಿ ಜಿಮ್ನಿ, ಹೀಗೆ ಈ ವಂಶವು ಬೆಳೆದಿದೆ. ಯುದ್ಧಕ್ಕಾಗಿ ಹುಟ್ಟಿದ ವಾಹನವು ಇಂದು ಹೊಲಕ್ಕೆ ಗೊಬ್ಬರವನ್ನೂ, ಮದುವೆಗೆ ಬೀಗರನ್ನೂ, ದವಾಖಾನೆಗೆ ರೋಗಿಯನ್ನೂ ಒಯ್ಯುತ್ತಿದೆ.

ಗಾಲಿಯೇ ಎತ್ತು

ಸಂಸ್ಕೃತದಲ್ಲಿ ರಥದ ಅವಯವಗಳಿಗೆ ಅಕ್ಷ, ನಾಭಿ, ಅರ, ನೇಮಿ ಎಂದು ಹೆಸರು. ಆ ಅಕ್ಷವನ್ನೇ ನಮ್ಮ ಬಡಿಗನು ಅಚ್ಚು ಎನ್ನುತ್ತಾನೆ. ಚಕ್ಕಡಿಯಲ್ಲಿ ಗಾಲಿಯು ಉರುಳುವದಷ್ಟೇ ಹೊರತು ಎಳೆಯುವದಿಲ್ಲ; ಎಳೆಯುವ ಕೆಲಸ ಎತ್ತಿನದು. ಮೋಟಾರಿನಲ್ಲಿ ಎತ್ತಿಲ್ಲ, ಗಾಲಿಯೇ ನೆಲವನ್ನು ಕಚ್ಚಿ ಗಾಡಿಯನ್ನು ನೂಕಬೇಕು. ಸಾಮಾನ್ಯ ವಾಹನದಲ್ಲಿ ಎರಡು ಗಾಲಿಗಳು ಮಾತ್ರ ಈ ಕೆಲಸವನ್ನು ಮಾಡುತ್ತವೆ, ಉಳಿದೆರಡು ಸುಮ್ಮನೆ ಉರುಳುತ್ತವೆ. ನಾಲ್ಕು ಗಾಲಿಯ ಚಾಲನೆಯೆಂದರೆ ಎರಡೆತ್ತಿನ ರಂಟೆಗೆ ಇನ್ನೆರಡು ಎತ್ತು ಹೂಡಿದಂತೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಎಂಜಿನ್ನಿನ ಬಲವು ಇದರಿಂದ ಹೆಚ್ಚಾಗುವದಿಲ್ಲ. ಹೆಚ್ಚಾಗುವದು ನೆಲದ ಮೇಲಿನ ಹಿಡಿತ. ನೆಲವೇ ಹಿಡಿತವನ್ನು ಕೊಡದಿದ್ದರೆ ಎಷ್ಟು ಬಲವಿದ್ದರೂ ವ್ಯರ್ಥ. ಅಚ್ಚಿನ ಮಧ್ಯದಲ್ಲಿ ಡಿಫರೆನ್ಶಿಯಲ್ ಎಂಬ ಹಲ್ಲುಗಾಲಿಗಳ ಡಬ್ಬಿಯಿರುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿಯು ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಾಗುವದರಿಂದ ಎರಡಕ್ಕೂ ಬೇರೆಬೇರೆ ವೇಗವನ್ನು ಕೊಡುವದೇ ಇದರ ಕೆಲಸ. ಆದರೆ ಒಂದು ಗಾಲಿ ಕೆಸರಿಗೆ ಬಿದ್ದು ಜಾರತೊಡಗಿತೆಂದರೆ ಇದೇ ಗುಣವು ದೋಷವಾಗುತ್ತದೆ: ಜಾರುವ ಗಾಲಿ ಗಿರಗಿರನೆ ತಿರುಗುವದು, ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಲ್ಲುವದು. ಮುಂದಿನದೊಂದು, ಹಿಂದಿನದೊಂದು ಗಾಲಿ ಹೀಗೆ ಮೂಲೆಗೆ ಮೂಲೆ ಜಾರಿದರೆ ನಾಲ್ಕು ಗಾಲಿಯ ಜೀಪೂ ನಿಂತುಬಿಡುವದು. ಇದಕ್ಕೆ ಪರಿಹಾರವೆಂದು ಕೆಲವು ವಾಹನಗಳಲ್ಲಿ ಎರಡೂ ಗಾಲಿಗಳನ್ನು ಒಂದಾಗಿ ಬಂಧಿಸುವ ಲಾಕನ್ನೂ, ಕೆಲವದರಲ್ಲಿ ಜಾರುವ ಗಾಲಿಯನ್ನು ತಾನಾಗಿಯೇ ಬ್ರೇಕಿನಿಂದ ತಡೆಯುವ ಉಪಾಯವನ್ನೂ ಇಟ್ಟಿರುತ್ತಾರೆ.

ಚಾಲಕನ ಬದಿಯಲ್ಲಿರುವ ಎರಡನೆಯ ಲೀವರಿನಲ್ಲಿ ಸಾಮಾನ್ಯವಾಗಿ ಮೂರು ಸ್ಥಾನಗಳಿರುತ್ತವೆ. ಮೊದಲನೆಯದು ಎರಡೇ ಗಾಲಿಗಳ ಓಟ. ಇದು ಡಾಂಬರು ರಸ್ತೆಗೆ. ಎರಡನೆಯದು ನಾಲ್ಕು ಗಾಲಿಗಳ ಓಟ. ಇದು ಕೆಸರು, ಮರಳು, ಜಾರುವ ನೆಲಕ್ಕೆ. ಮೂರನೆಯದು ನಾಲ್ಕು ಗಾಲಿಗಳ ನಿಧಾನದ ಗೇರು. ಇದರಲ್ಲಿ ವೇಗವು ಇಳಿದು ಎಳೆತವು ಸುಮಾರು ಎರಡರಿಂದ ಎರಡೂವರೆ ಪಟ್ಟು ಏರುವದು. ಕಡಿದಾದ ಏರು, ಇಳುಕಲುಗಳಿಗೆ ಇದೇ ಆಧಾರ. ಇಂಥ ವಾಹನವನ್ನು ಒಣಗಿದ ಡಾಂಬರಿನ ಮೇಲೆ ನಾಲ್ಕು ಗಾಲಿಗಳಲ್ಲಿ ಓಡಿಸಲೇಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಹೋಗಬೇಕು. ಎರಡು ಅಚ್ಚುಗಳೂ ಒಂದೇ ವೇಗಕ್ಕೆ ಬಂಧಿತವಾಗಿರುವದರಿಂದ ನಡುವಿನ ಶಾಫ್ಟುಗಳು ಹುರಿಗೊಂಡಂತಾಗಿ ಹಲ್ಲುಗಾಲಿಗಳಿಗೆ ಪೆಟ್ಟಾಗುವದು.

ಎರಡು ಮಣ್ಣುಗಳ ಜಿಲ್ಲೆ

ನಮ್ಮ ದುಮ್ಮವಾಡವು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿದೆ. ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಮಸಾರಿ ಭೂಮಿ, ಭತ್ತದ ಗದ್ದೆ, ಮುಂದೆ ಅಡವಿ. ಪೂರ್ವಕ್ಕೆ ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಕಡೆಗೆ ಹೊರಟರೆ ಕಣ್ಣು ಮುಟ್ಟುವವರೆಗೆ ಎರೆಯ ಬಯಲು. ಮಸಾರಿಯಲ್ಲಿ ಮೇಲೆ ಜಾರಿದರೂ ಕೆಳಗೆ ಗಟ್ಟಿ ನೆಲ ಸಿಕ್ಕುವದುಂಟು. ಎರೆಯ ರೀತಿ ಬೇರೆ. ಆ ಮಣ್ಣು ನೀರು ಕುಡಿದು ಉಬ್ಬುವ ಜಾತಿಯದು. ಒಣಗಿದಾಗ ಬಿರುಕು ಬಿಡುವದು, ನೆನೆದಾಗ ಅಂಟಾಗುವದು. ಮಳೆಗಾಲದಲ್ಲಿ ಎರೆಯ ಹೊಲದಲ್ಲಿ ಹತ್ತು ಹೆಜ್ಜೆ ನಡೆದವನ ಕಾಲಿಗೆ ಹೇಗೆ ಮಣ್ಣಿನ ಮೆಟ್ಟು ಬೆಳೆಯುವದೋ, ಹಾಗೆಯೇ ಟಾಯರಿನ ಗೆರೆಗಳಲ್ಲಿ ಮಣ್ಣು ತುಂಬಿ ಅದು ನುಣುಪಾದ ಉರುಳೆಯಾಗುವದು. ಆಗ ಎಂಜಿನ್ನನ್ನು ಅಬ್ಬರಿಸಿದಷ್ಟೂ ಗಾಲಿಯು ತನ್ನ ಹೊಂಡವನ್ನು ತಾನೇ ತೋಡಿಕೊಳ್ಳುವದು. ಎರಡು ಗಾಲಿಯ ಗಾಡಿ ಹುಗಿಯುವದು ರಸ್ತೆಯ ಬದಿಯಲ್ಲಿ. ನಾಲ್ಕು ಗಾಲಿಯದು ಹುಗಿಯುವದು ಹೊಲದ ನಡುವೆ. ಅದನ್ನು ಎಳೆದು ತೆಗೆಯುವ ಶ್ರಮವೂ ಅಷ್ಟೇ ಹೆಚ್ಚು.

ಆದ್ದರಿಂದ ಮಳೆ ನಿಂತು ಮಣ್ಣು ಸ್ವಲ್ಪ ಆರುವವರೆಗೆ ಕಾಯುವದೇ ಎರೆಯಲ್ಲಿ ಮೊದಲನೆಯ ಉಪಾಯ. ಹೋಗಲೇಬೇಕಾದರೆ ಇಳಿದು ನಡೆದು ದಾರಿಯನ್ನು ನೋಡಬೇಕು. ಕೆಸರು ಬರುವ ಮುಂಚೆಯೇ ನಾಲ್ಕು ಗಾಲಿಗಳ ಲೀವರನ್ನು ಹಾಕಬೇಕು. ಟಾಯರಿನ ಗಾಳಿಯನ್ನು ಹದಿನೆಂಟು ಇಪ್ಪತ್ತು ಪೌಂಡಿನವರೆಗೆ ಇಳಿಸಿದರೆ ಅದು ಅಗಲವಾಗಿ ನೆಲವನ್ನು ಹಿಡಿಯುವದು. ಡಾಂಬರಿಗೆ ಮರಳಿದ ಕೂಡಲೆ ಗಾಳಿಯನ್ನು ಮತ್ತೆ ತುಂಬಿಸತಕ್ಕದ್ದು. ಕಡಿಮೆ ಗಾಳಿಯ ಟಾಯರು ವೇಗದಲ್ಲಿ ಕಾದು ಒಡೆಯುವದು.

ಬಳಕೆಯಿಲ್ಲದ ಲೀವರು

ಕೆಲವು ವರ್ಷಗಳ ಹಿಂದೆ ಶ್ರಾವಣದ ಒಂದು ರಾತ್ರಿ ನಮ್ಮ ಕಡೆಯ ತೋಟದ ಮನೆಯೊಂದರಲ್ಲಿ ಗರ್ಭಿಣಿಗೆ ಬೇನೆ ಆರಂಭವಾಯಿತು. ಮನೆಯ ಮುಂದೆ ಜೀಪು ಇತ್ತು. ಅದರ ನೆತ್ತಿಯ ಮೇಲೆ ಆರು ದೀಪ, ಮುಂದೆ ದಪ್ಪ ಕಬ್ಬಿಣದ ಕಟ್ಟು, ಎತ್ತರದ ಟಾಯರು, ಯಾವುದಕ್ಕೂ ಕೊರತೆಯಿರಲಿಲ್ಲ. ಅರ್ಧ ಮೈಲು ಹೋಗುವದರೊಳಗೆ ಗಾಡಿಯು ಕೆಸರಿನಲ್ಲಿ ಕುಳಿತಿತು. ಯಜಮಾನನ ಮಗನು ಬೆವರುತ್ತ, “ಮಾಸ್ತರ, ಲೀವರ ಬೀಳವಲ್ದರೀ” ಎಂದನು. ಕೊಂಡು ಎರಡು ವರ್ಷವಾದರೂ ಆ ಲೀವರನ್ನು ಅವನು ಒಮ್ಮೆಯೂ ಸರಿಸಿರಲಿಲ್ಲ. ಒಳಗಿನ ಸಂದುಗಳು ತುಕ್ಕು ಹಿಡಿದು ಬಿಗಿದಿದ್ದವು. ನೆರೆಯವರ ಟ್ರ್ಯಾಕ್ಟರು ಬಂದು ಎಳೆಯುವದಕ್ಕೆ ಒಂದೂವರೆ ತಾಸು ಹಿಡಿಯಿತು. ಆ ಒಂದೂವರೆ ತಾಸು ಗರ್ಭಿಣಿಯ ತಾಯಿಯು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ದೈವವು ಒಳ್ಳೆಯದಿತ್ತು, ತಾಯಿ ಮಗು ಇಬ್ಬರೂ ಉಳಿದರು. ಆದರೆ ಅಂಥ ವೇಳೆಗೆಂದೇ ಇದ್ದ ಬಲವು ಅದೇ ವೇಳೆಗೆ ಒದಗಲಿಲ್ಲವೆಂಬುದನ್ನು ಜೀಪಿದ್ದ ಪ್ರತಿಯೊಬ್ಬ ಗೃಹಸ್ಥನೂ ಲಕ್ಷ್ಯದಲ್ಲಿಡಬೇಕು.

ಆದುದರಿಂದ ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಕೆಲವು ಕಿಲೋಮೀಟರು ನಾಲ್ಕು ಗಾಲಿಗಳಲ್ಲಿ ಓಡಿಸತಕ್ಕದ್ದು. ಇದರಿಂದ ಮುಂದಿನ ಅಚ್ಚಿನಲ್ಲಿಯೂ ನಡುವಿನ ಡಬ್ಬಿಯಲ್ಲಿಯೂ ಎಣ್ಣೆಯು ಆಡುವದು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮ ಹಿರಿಯರು ಊರು ಬಿಡುತ್ತಿರಲಿಲ್ಲ. ಅದೇ ರೂಢಿಯು ಇಲ್ಲಿಯೂ ಬೇಕು. ಎಂಜಿನ್ನಿಗೆ ಒಂದೇ ಎಣ್ಣೆಯಾದರೆ ನಾಲ್ಕು ಗಾಲಿಯ ಗಾಡಿಯಲ್ಲಿ ಗೇರುಡಬ್ಬಿ, ನಡುವಿನ ಡಬ್ಬಿ, ಮುಂದಿನ ಅಚ್ಚು, ಹಿಂದಿನ ಅಚ್ಚು ಇವುಗಳಿಗೆ ಪ್ರತ್ಯೇಕ ಎಣ್ಣೆಗಳುಂಟು. ಶಾಫ್ಟಿನ ಕ್ರಾಸುಗಳಿಗೆ ಗ್ರೀಸು ಹೊಡೆಯಬೇಕು. ಎರೆಯ ಧೂಳಿನ ಕಾಲದಲ್ಲಿ ಗಾಳಿಯ ಫಿಲ್ಟರನ್ನು ಪದೇ ಪದೇ ನೋಡಬೇಕು. ಕೆಸರಿನಿಂದ ಬಂದ ದಿನವೇ ಅಡಿಭಾಗವನ್ನೂ, ರೇಡಿಯೇಟರನ್ನೂ, ಬ್ರೇಕುಗಳನ್ನೂ ತೊಳೆಯಬೇಕು. ಒಣಗಿದ ಕೆಸರು ತುಕ್ಕಿಗೂ ಎಂಜಿನ್ ಕಾಯುವದಕ್ಕೂ ಕಾರಣವಾಗುವದು. ನಾಲ್ಕು ಟಾಯರುಗಳೂ ಒಂದೇ ಅಳತೆಯವಾಗಿ, ಸಮನಾಗಿ ಸವೆದಿರಬೇಕು.

ಸುಧಾರಣೆಯ ಕ್ರಮ

ವಾಹನವನ್ನು ಸುಧಾರಿಸುವದು ತಪ್ಪಲ್ಲ. ಕ್ರಮ ತಪ್ಪುವದು ತಪ್ಪು. ಮೊದಲು ಕಂಪನಿಯು ಹೇಳಿದ ಅಳತೆಯಲ್ಲಿಯೇ ಮಣ್ಣಿಗೆ ಯೋಗ್ಯವಾದ ಟಾಯರು. ಎರಡನೆಯದು ಗಾಡಿಯ ಚಾಸಿಗೆ ಭದ್ರವಾಗಿ ಕೂಡಿದ ಕೊಂಡಿಗಳು, ಒಳ್ಳೆಯ ಎಳೆಯುವ ಪಟ್ಟಿ, ಒಂದು ಸಲಿಕೆ, ಗಾಳಿ ಹಾಕುವ ಪಂಪು. ಇಷ್ಟರಿಂದ ಗೃಹಸ್ಥನ ಕೆಲಸವೆಲ್ಲ ಸಾಗುವದು. ಹುಗಿದ ಗಾಡಿಯನ್ನು ಎಳೆಯುವಾಗ ಪಟ್ಟಿಯಾಗಲಿ ಕೊಂಡಿಯಾಗಲಿ ಹರಿದರೆ ಗುಂಡಿನಂತೆ ಹಾರುವದು. ಮಕ್ಕಳನ್ನೂ ನೋಡುವವರನ್ನೂ ದೂರ ನಿಲ್ಲಿಸಬೇಕು, ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು.

ಅತಿದೊಡ್ಡ ಟಾಯರು ಹಾಕಿದರೆ ವೇಗಮಾಪಕವು ಸುಳ್ಳು ಹೇಳುವದು, ಬ್ರೇಕಿಗೆ ಭಾರವಾಗುವದು, ಎಳೆತವು ಕುಗ್ಗುವದು. ಗಾಡಿಯನ್ನು ಎತ್ತರಿಸಿದಷ್ಟೂ ಅದು ಉರುಳುವ ಸಂಭವವು ಹೆಚ್ಚು. ಕಾನೂನಿನ ಮಾತನ್ನೂ ಮರೆಯಬಾರದು. ೧೯೮೮ರ ಮೋಟಾರು ವಾಹನ ಕಾಯದೆಯ ೫೨ನೆಯ ಕಲಮಿನ ಪ್ರಕಾರ, ಕಂಪನಿಯು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು ೨೦೧೯ರ ಜಾನೇವಾರಿಯಲ್ಲಿ ಸ್ಪಷ್ಟಪಡಿಸಿತು. ಮುಂದಿನ ಕಬ್ಬಿಣದ ಕಟ್ಟುಗಳು ಕಾಯದೆಗೆ ವಿರುದ್ಧವೆಂದು ಕೇಂದ್ರ ಸರಕಾರವು ೨೦೧೭ರ ಡಿಸೆಂಬರಿನಲ್ಲಿಯೇ ತಿಳಿಸಿತ್ತು. ದಾರಿಯಲ್ಲಿ ನಡೆಯುವವನಿಗೆ ತಗಲಿದರೆ ಆ ಕಬ್ಬಿಣವು ಪ್ರಾಣವನ್ನೇ ತೆಗೆಯುವದು.

ನೀರು, ಗುಡ್ಡ, ಅಡವಿ

ಧಾರವಾಡ ಜಿಲ್ಲೆಯವರಿಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಪರಿಚಯವಿದ್ದೇ ಇದೆ. ಹೆಸರು ಬೆಣ್ಣೆ ತುಪ್ಪವಾದರೂ ಮಳೆಗಾಲದಲ್ಲಿ ಅವು ಹೊಲಮನೆಗಳನ್ನು ನುಂಗುವ ಹಳ್ಳಗಳು. ಜೀಪಿದೆಯೆಂಬ ಧೈರ್ಯದಿಂದ ಹರಿಯುವ ನೀರಿಗೆ ಇಳಿಯುವದು ಆತ್ಮಘಾತಕ್ಕೆ ಸಮಾನ. ಒಂದಡಿ ಓಡುವ ನೀರು ಸಣ್ಣ ಕಾರನ್ನು ತೇಲಿಸುವದು. ಎರಡಡಿ ನೀರು ಹೆಚ್ಚಿನ ವಾಹನಗಳನ್ನೆಲ್ಲ ಕೊಚ್ಚಿಕೊಂಡು ಹೋಗುವದು. ೨೦೨೦ರ ಥಾರ್ ಗಾಡಿಗೆ ೬೫೦ ಮಿಲಿಮೀಟರು ಆಳದ ನೀರನ್ನು ದಾಟುವ ಶಕ್ತಿಯಿದೆಯೆಂದು ಕಂಪನಿಯು ಹೇಳುವದು ನಿಜ. ಆದರೆ ಅದು ನಿಂತ ನೀರಿನ ಅಳತೆಯೆಂದೇ ತಿಳಿಯಬೇಕು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದಿರುಗುವದೇ ಶೂರತನ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲು ಮಾಡಬಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡು ಬಾಗುವದು. ಕಾದ ಅಚ್ಚು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುವದುಂಟು. ಆದ್ದರಿಂದ ಮರುದಿನ ಅಚ್ಚಿನ ಎಣ್ಣೆಯನ್ನು ನೋಡಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ಅರ್ಥ, ತಡಮಾಡದೆ ಬದಲಿಸತಕ್ಕದ್ದು.

ಗುಡ್ಡವನ್ನು ಹತ್ತುವ ವಿದ್ಯೆಯನ್ನು ನೋಡಬೇಕೆಂಬವರು ೧೩೪೩ ಮೀಟರು ಎತ್ತರದ ಕೊಡಚಾದ್ರಿಗೆ ಹೋಗಬೇಕು. ಅಲ್ಲಿ ಕೊಲ್ಲೂರಿನ ಕಡೆಯಿಂದ ಯಾತ್ರಿಕರನ್ನು ಕರೆದೊಯ್ಯುವ ಜೀಪುಗಳ ಚಾಲಕರಿಗೆ ಇದು ಆಟವಲ್ಲ, ಹೊಟ್ಟೆಯ ಅನ್ನ. ಕಲ್ಲು ಕೊರಕಲುಗಳ ದಾರಿಯಲ್ಲಿ ಆರ್ಭಟಕ್ಕಿಂತ ನಿಧಾನದ ಗೇರೇ ಕೆಲಸಕ್ಕೆ ಬರುವದು. ಏರಿನಲ್ಲಿ ಗಾಡಿ ನಿಂತರೆ ಅಡ್ಡ ತಿರುಗಿಸಬಾರದು, ಉರುಳುವದು. ಹಿಂದಿನ ಗೇರಿನಲ್ಲಿ ನೆಟ್ಟಗೆ ಕೆಳಗಿಳಿಯಬೇಕು. ಇಳುಕಲಿನಲ್ಲಿ ಕ್ಲಚ್ಚನ್ನು ಒತ್ತದೆ ಎಂಜಿನ್ನಿನ ತಡೆಯನ್ನೇ ನಂಬಬೇಕು.

ಇನ್ನು ಅಡವಿಯ ಮಾತು. ೧೯೭೨ರ ವನ್ಯಜೀವಿ ಸಂರಕ್ಷಣ ಕಾಯದೆಯಂತೆ ಅಭಯಾರಣ್ಯದಲ್ಲಿ ಅಪ್ಪಣೆಯಿಲ್ಲದೆ ಪ್ರವೇಶಿಸಕೂಡದು. ಕಾಯದೆ ಇರಲಿ, ಇಲ್ಲದಿರಲಿ, ಗಾಲಿಯು ಕಿತ್ತ ಹುಲ್ಲಿನ ಜಾಡಿನಲ್ಲಿ ಮಳೆಯ ನೀರು ಹರಿದು ಕೊರಕಲಾಗುವದು, ಹಳ್ಳದ ನೀರು ಕದಡುವದು. ಮತ್ತೊಬ್ಬರ ಬಿತ್ತಿದ ಹೊಲವೂ ಆಟದ ಬಯಲಲ್ಲ. ಸಾಹಸದ ಹಂಬಲವುಳ್ಳ ತರುಣರು ಸ್ವಂತ ಬೀಳು ಭೂಮಿಯಲ್ಲಿಯೋ ಒಡೆಯನ ಒಪ್ಪಿಗೆ ಪಡೆದ ಸ್ಥಳದಲ್ಲಿಯೋ, ಒಬ್ಬರಾಗದೆ ಎರಡು ಗಾಡಿಗಳ ಜೊತೆಯಲ್ಲಿ ಅಭ್ಯಾಸ ಮಾಡಲಿ. ಆ ಅಭ್ಯಾಸವೇ ಕಷ್ಟಕಾಲದಲ್ಲಿ ಕೈಹಿಡಿಯುವದು.

ಮಹಾನವಮಿಯ ಖಂಡೆಪೂಜೆಯಲ್ಲಿ ನಾವು ವಾಹನವನ್ನು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತೇವೆ. ವರ್ಷದಲ್ಲಿ ಉಳಿದ ತಿಂಗಳುಗಳಲ್ಲಿಯೂ ಒಂದೊಂದು ದಿನವನ್ನು ಗೊತ್ತುಮಾಡಿ ಮನೆಯ ಪಂಚಾಂಗದಲ್ಲಿ ಗುರುತು ಹಾಕಿರಿ. ಆ ದಿನ ಎಣ್ಣೆಯನ್ನು ಅಳೆಯಿರಿ, ಗಾಳಿಯನ್ನು ನೋಡಿರಿ, ಲೀವರನ್ನು ಸರಿಸಿ ಎರಡು ಮೂರು ಕಿಲೋಮೀಟರು ಮಣ್ಣಿನ ದಾರಿಯಲ್ಲಿ ಹೋಗಿ ಬನ್ನಿರಿ. ಮನೆಯ ಹೆಣ್ಣುಮಕ್ಕಳಿಗೂ ಆ ಲೀವರಿನ ಮೂರು ಸ್ಥಾನಗಳನ್ನು ತೋರಿಸಿಕೊಡಿರಿ. ಅವಘಡವು ಗಂಡಸರು ಮನೆಯಲ್ಲಿದ್ದಾಗಲೇ ಬರುವದೆಂಬ ನೇಮವಿಲ್ಲ. ಇದಕ್ಕೆ ತಗಲುವದು ಅರ್ಧ ತಾಸು ಮಾತ್ರ.