ಬಣ್ಣ ಆರುವ ಮುನ್ನ

ಜುಲೈ ಕೊನೆಯ ವಾರ. ರಾತ್ರಿಯಿಡೀ ಸುರಿದ ಮಳೆ ಬೆಳಗಿಗೆ ತುಸು ಬಿಡುವು ಕೊಟ್ಟಿದೆ. ಕಾರವಾರದ ಬೈತಖೋಲದ ಗುಡ್ಡದಿಂದ ಕೆಂಪು ನೀರು ಇನ್ನೂ ಇಳಿಯುತ್ತಲೇ ಇದೆ. ಬಂದರಿನತ್ತ ಹೆಜ್ಜೆ ಹಾಕಿದರೆ ಮೊದಲು ಎದುರಾಗುವುದು ವಾಸನೆ. ಡೀಸೆಲ್, ಹಸಿ ಬಣ್ಣ, ಒದ್ದೆ ಬಲೆ, ಯಾರದೋ ಒಲೆಯ ಮೇಲಿನ ಬಂಗಡೆ ಸಾರು. ಆಮೇಲೆ ಸದ್ದು. ದಡಕ್ಕೆಳೆದ ಬೋಟಿನ ಹೊಟ್ಟೆಗಂಟಿದ ಚಿಪ್ಪು ಕೆರೆಯುವ ಕರಕರ, ಹಲಗೆಯ ಸಂದಿಗೆ ಹತ್ತಿ ತುರುಕುವ ಉಳಿಯ ಟಕಟಕ. ತಾಡಪತ್ರಿಯಡಿ ನಾಲ್ವರು ಬಲೆ ಹರವಿಕೊಂಡು, ಕಾಲ್ಬೆರಳಿಗೆ ನೂಲು ಸಿಕ್ಕಿಸಿ, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿದ್ದಾರೆ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಎಂಜಿನ್ ಇಲ್ಲದ, ಇಲ್ಲವೇ 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ಸಣ್ಣ ದೋಣಿಗಳು ಮಾತ್ರ ದಡದ ಆಸುಪಾಸಿನಲ್ಲಿ ಬಲೆ ಬೀಸುತ್ತವೆ. ಮೀನು ಮರಿ ಮಾಡುವ ಈ ಕಾಲವೇ ಬೋಟಿನ ದುರಸ್ತಿಗೂ ಸಿಗುವ ಕಾಲ. ನಿಷೇಧ ಮುಗಿದ ಮೇಲೆ ವಾರ, ಹತ್ತು ದಿನ ಬೋಟಿನಲ್ಲೇ ಅಡುಗೆ, ಅದರಲ್ಲೇ ನಿದ್ದೆ.

ಹೆದ್ದಾರಿ 66ರಲ್ಲಿ ಹೀಗೆಯೇ ಅಡುಗೆ, ನಿದ್ದೆಗೆ ಸಜ್ಜಾಗಿ ನೆತ್ತಿಯ ಮೇಲೆ ಟೆಂಟು ಹೊತ್ತ ಜೀಪುಗಳು ಗೋವಾದತ್ತ ಹೋಗುವುದನ್ನು ಕಂಡಾಗಲೆಲ್ಲ ನನಗೆ ಈ ಬಂದರು ನೆನಪಾಗುತ್ತದೆ. ಅಂಥ ಗಾಡಿ ಕಟ್ಟುವ ಹುಚ್ಚು ಹತ್ತಿದವರಿಗೆ ವಿಂಚು, ದೀಪ, ಹೊಸ ಗಾಲಿ ಎಂದು ವರ್ಷವೇ ಗ್ಯಾರೇಜಿನಲ್ಲಿ ಕಳೆದುಹೋಗುವುದುಂಟು. ಕಾಡಿನ ದಾರಿ ಕಾಯುತ್ತಲೇ ಇರುತ್ತದೆ. ಇಲ್ಲಿ ಹಾಗೆ ಕಾಯಿಸಲಾಗದು. ಆಗಸ್ಟ್ 1 ಬಂದೇ ಬರುತ್ತದೆ.

ಕ್ಯಾಬಿನ್ ಅಗಲ ಮಾಡಿಸಬೇಕು, ಮಲಗಲು ಇನ್ನೆರಡು ಹಲಗೆ ಕೂಡಿಸಬೇಕು ಎನ್ನುತ್ತಿದ್ದ ಹುಡುಗನಿಗೆ ಬೋಟು ನಡೆಸುವ ತಾಂಡೇಲರು ತಲೆಯೆತ್ತದೆಯೇ ಹೇಳಿದರು: "ಅದು ಮುಂದಿನ ಸಲ ನೋಡ್ವ, ತಮಾ. ಮೊದ್ಲು ತಳದ ಫ್ಯಾನ್ ಬಿಚ್ಚು. ಶಾಫ್ಟಿನ ಹತ್ರ ನೀರು ಒಳಗೆ ಬರ್ತದೆ."

ಈ ಆಯ್ಕೆ ನನಗೆ ಬಹಳ ಹಿಡಿಸಿತು. ನೀರು ಒಳಬರುವ ತೂತು ಮೊದಲು, ಆಮೇಲೆ ಎಂಜಿನ್, ಆಮೇಲೆ ಬಲೆ. ನಿದ್ದೆಯ ಸುಖ ಕೊನೆಗೆ. ಹೊರಗೆ ಗಾಳಿ ಎದ್ದರೆ ಗೋವಾ, ಮಲ್ಪೆಯ ಬೋಟುಗಳೂ ಬೈತಖೋಲದ ಮರೆಗೇ ಓಡಿಬರುತ್ತವೆ. ಎಂಜಿನ್ ಕೈಕೊಟ್ಟರೆ ಆ ಮರೆ ಎಷ್ಟು ಹತ್ತಿರವಿದ್ದರೂ ದೂರವೇ.

ನಿಷೇಧ ಮುಗಿದ ನಸುಕಿನಲ್ಲಿ ಮತ್ತೆ ಹೋದೆ. ಐಸ್ ತುಂಬುವ ಗಡಗಡ, ಡೀಸೆಲ್ ಡ್ರಮ್ಮುಗಳ ಉರುಳಾಟ, ಮೂತಿಗೆ ಹೂವಿನ ಮಾಲೆ, ಒಡೆದ ತೆಂಗಿನಕಾಯಿ. ತಾಂಡೇಲರ ಬೋಟಿನ ಎಡಬದಿಗೆ ಅರ್ಧ ಮಾತ್ರ ನೀಲಿ ಬಳಿದಿತ್ತು. ಉಳಿದ ಡಬ್ಬಿ, ಬ್ರಷ್ಷು ಕ್ಯಾಬಿನ್ನಿನ ಮೂಲೆಯಲ್ಲಿ, ಅಕ್ಕಿ ಚೀಲದ ಪಕ್ಕ. ಹುಡುಗ ಹಗ್ಗ ಬಿಚ್ಚಿದ.