ಹಿತ್ತಿಲ ಕೋಳಿ: ಲಸಿಕೆಯಲ್ಲಿ ಉಳಿತಾಯ ಬೇಡ

ದೌಂಡ್: ಭೀಮಾ ತೀರದ ಈ ರೈಲ್ವೆ ಜಂಕ್ಷನ್ ಊರಿನಲ್ಲಿ ಅಂಗಳವಿರುವ ಕನ್ನಡಿಗರಿಗೆ ಹಿತ್ತಿಲ ಕೋಳಿ ಸಾಕಣೆ ಮನೆಖರ್ಚಿಗೆ ಆಸರೆಯಾಗಬಲ್ಲದು. ಬೆಂಗಳೂರಿನ ಪಶುವೈದ್ಯ ಕಾಲೇಜಿನ ಗಿರಿರಾಜ ತಳಿ ಮೊಟ್ಟೆ ಹೆಚ್ಚು ಇಡುತ್ತದೆ. ಕಾವಿಗೆ ಮಾತ್ರ ಜವಾರಿ ಕೋಳಿಯೇ ಬೇಕು. ಹಳೆಯ ಬುಟ್ಟಿಗೆ ಹುಲ್ಲು ಹಾಸಿ ಕೂರಿಸಿದರೆ 21 ದಿನಕ್ಕೆ ಮರಿ. ಜೋಳದ ನುಚ್ಚು, ಸೊಪ್ಪಿನ ದಂಟು ಮೇವಾಗುತ್ತವೆ. ಮೊಟ್ಟೆಯ ಸಿಪ್ಪೆ ಒಣಗಿಸಿ ಪುಡಿ ಮಾಡಿ ಹಾಕಿದರೆ ಸುಣ್ಣದಂಶ ಸಿಗುತ್ತದೆ. ಹಿಕ್ಕೆ ಕೊಳೆತರೆ ಕರಿಬೇವಿಗೆ ಗೊಬ್ಬರ.

ಆದರೆ ಕೊಕ್ಕರೆ ರೋಗ ಹೊಕ್ಕರೆ ಇಡೀ ಗೂಡೇ ಬರಿದಾದೀತು. ಮರಿಗಳಿಗೆ ಮೊದಲ ವಾರದಲ್ಲೇ ಲಸಿಕೆಯ ಹನಿ ಹಾಕಿಸಬೇಕು. ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗೆ ಸಾಲುವಷ್ಟು ಮದ್ದಿರುತ್ತದೆ. ಬೆರೆಸಿದ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ನಾಲ್ಕಾರು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ, ಕೋಳಿಯೂ ಉಳಿಯುತ್ತದೆ.